ಜೊಂಡಿನ ಮರೆಯ ಈಜುಶಾಲೆ

ಅವೀನೊ ಶನಿವಾರದ ಗುಂಪಿಗೆ ಸೇರಿದ್ದು ಊಟದ ಆಸೆಗೆ. ಅದನ್ನು ಅವಳು ಯಾರಿಂದಲೂ ಮುಚ್ಚಿಟ್ಟವಳಲ್ಲ. ಫೀಸು ಕಟ್ಟಲಾಗದೆ ಶಾಲೆ ಬಿಟ್ಟ ಮೇಲೆ ಅವಳ ದಿನಗಳೆಲ್ಲ ಅಜ್ಜಿ ಯೂನಿಯಾಳ ಜೊತೆ ಹೊಗೆಯೊಲೆಯ ಮುಂದೆಯೇ ಕಳೆಯುತ್ತಿದ್ದವು. ಬೆಳಿಗ್ಗೆ ದೋಣಿಗಳು ಸರೋವರದಿಂದ ಕೊಬಾಲಾ ತೀರಕ್ಕೆ ಬಂದು ತಾಗುತ್ತಿದ್ದಂತೆ ಇಬ್ಬರೂ ಬುಟ್ಟಿ ಹಿಡಿದು ಓಡಬೇಕು. ಸಿಕ್ಕಿದ ಮೀನು ಸೀಳಿ, ತೊಳೆದು, ತಂತಿಯ ಜಾಲರಿಯ ಮೇಲೆ ಹರಡಿ, ಮಧ್ಯಾಹ್ನದವರೆಗೂ ಕಣ್ಣುರಿಸಿಕೊಂಡು ಹೊಗೆ ಹಾಕಬೇಕು. ಚರ್ಚಿನ ಹಿಂದಿನ ಸಭಾಂಗಣದಲ್ಲಿ ಶಾಲೆ ಬಿಟ್ಟ ಹುಡುಗ ಹುಡುಗಿಯರಿಗೆ ಏನೇನೋ ಕಲಿಸುತ್ತಾರಂತೆ, ಕೊನೆಗೆ ತಟ್ಟೆ ತುಂಬ ಅನ್ನ, ಬೀನ್ಸು ಹಾಕುತ್ತಾರಂತೆ ಎಂದು ಕೇಳಿದ ದಿನವೇ ಅವಳು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು.

ಗುಂಪು ನಡೆಸುತ್ತಿದ್ದವಳು ನೆರಿಯಾ ಟೀಚರ್. ಕಿಸುಮು ಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಪುಟ್ಟ ಮೈ, ದೊಡ್ಡ ದನಿ. ಅವಳ ಪಾಠದಲ್ಲಿ ಪುಸ್ತಕವೆಂಬುದೇ ಇರಲಿಲ್ಲ. ಹುಡುಗರು ಜೋಳದ ಹಿಟ್ಟಿನ ಮುದ್ದೆ ಉಗಾಲಿ ತೊಳಸುವುದನ್ನು ಕಲಿಯಬೇಕು, ಹುಡುಗಿಯರು ಸೈಕಲ್ಲಿಗೆ ಪಂಕ್ಚರ್ ಹಾಕುವುದನ್ನು. ಎಲ್ಲರೂ ಒಬ್ಬೊಬ್ಬರಾಗಿ ಎದ್ದು ನಿಂತು ಉಳಿದವರ ಮುಂದೆ ಮಾತಾಡಬೇಕು. ಮೀನು ಬೇಕಾದರೆ ಸಂಜೆ ಮನೆ ಕಡೆ ಬಾ ಎನ್ನುವ ದೋಣಿಯವನಿಗೆ ದನಿ ನಡುಗದಂತೆ ಏನು ಉತ್ತರ ಕೊಡಬೇಕು ಎಂಬುದನ್ನು ಹುಡುಗಿಯರಿಂದ ಮತ್ತೆ ಮತ್ತೆ ಹೇಳಿಸುತ್ತಿದ್ದಳು. ಹುಡುಗರೂ ಕೂತು ಅದನ್ನು ಕೇಳಲೇಬೇಕಾಗಿತ್ತು.

ಒಂದು ಶನಿವಾರ ಅವಳು, "ಮುಂದಿನ ವಾರ ಪಟ್ಟಣದ ಹೋಟೆಲಿನ ಕೊಳಕ್ಕೆ ಹೋಗ್ತಾ ಇದ್ದೀವಿ. ಗಿರಾಕಿಗಳು ಏಳೋದರೊಳಗೆ ನಮಗೆ ಬಿಟ್ಟುಕೊಡೋಕೆ ಒಪ್ಪಿದಾರೆ. ಈಜು ಕಲೀತೀರಿ," ಎಂದಳು.

ಎಲ್ಲರೂ ಅವಳ ಮುಖವನ್ನೇ ನೋಡಿದರು.

"ಯಾಕೆ ಹಾಗೆ ನೋಡ್ತೀರಿ? ಇಷ್ಟು ದೊಡ್ಡ ನೀರಿನ ಪಕ್ಕ ಹುಟ್ಟಿದೀರಿ. ನಿಮ್ಮಲ್ಲಿ ಈಜು ಬರೋರು ಕೈ ಎತ್ತಿ ನೋಡೋಣ."

ಒಂದು ಕೈಯೂ ಏಳಲಿಲ್ಲ. ಅವೀನೊ ತನ್ನ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು. ಅವಳ ಅಪ್ಪ ಸತ್ತಿದ್ದು ಆ ನೀರಿನಲ್ಲೇ. ಮಧ್ಯಾಹ್ನದ ಬಿರುಗಾಳಿಗೆ ದೋಣಿ ಮಗುಚಿತ್ತು. ದಡದಲ್ಲಿ ಬಲೆ ಹೊಲಿಯುತ್ತಿದ್ದವರಿಗೆ ಮಗುಚಿದ ದೋಣಿ ಕಾಣುವಷ್ಟು ಹತ್ತಿರದಲ್ಲೇ ಅದು ನಡೆದಿತ್ತು.

ಆದರೂ ಮುಂದಿನ ವಾರ ಅವಳು ಹೋದಳು. ಅಜ್ಜಿಗೆ ಮಾತ್ರ ಹೊಲಿಗೆ ಕ್ಲಾಸು ಎಂದು ಹೇಳಿದಳು. ಕೊಳದ ನೀರು ಅವಳು ಕಂಡ ಯಾವ ನೀರಿನಂತೆಯೂ ಇರಲಿಲ್ಲ. ತಳದ ಬಿಳಿ ಹೆಂಚಿನವರೆಗೂ ಎಲ್ಲ ಕಾಣುತ್ತಿತ್ತು. ಮೊದಲ ದಿನ ಸೊಂಟದ ಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತವಳು ಕಂಬಿ ಬಿಡಲೇ ಇಲ್ಲ. ಎರಡನೆಯ ವಾರ ಮುಖ ಮುಳುಗಿಸಿ ಗುಳುಗುಳು ಎಂದು ಉಸಿರು ಬಿಟ್ಟಳು. ಅದಾದ ಮೇಲೆ ಒಂದು ದಿನ ನೆರಿಯಾ ಟೀಚರ್ ಅವಳ ಬೆನ್ನಿನ ಕೆಳಗೆ ಅಂಗೈ ಇಟ್ಟು, "ಮಲಕ್ಕೋ. ಹಾಸಿಗೆ ಮೇಲೆ ಮಲಗೋ ಹಾಗೆ. ಕಿವಿ ನೀರೊಳಗೆ ಹೋಗಲಿ. ಆಕಾಶ ನೋಡು," ಎಂದಳು. ಅವೀನೊ ನೋಡಿದಳು. ಕಿವಿಯೊಳಗೆ ತನ್ನದೇ ಎದೆಬಡಿತ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಹೊರಳಿಸಿದರೆ ಟೀಚರ್ ಆಚೆ ದಂಡೆಯ ಮೇಲೆ ಕೂತು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಾಳೆ. ಬೆನ್ನಿನ ಕೆಳಗೆ ಯಾರ ಕೈಯೂ ಇರಲಿಲ್ಲ.

ಆಮೇಲೆ ಅವಳನ್ನು ನೀರಿನಿಂದ ಎಬ್ಬಿಸುವುದೇ ಕಷ್ಟವಾಯಿತು. ಉಳಿದವರು ಚಳಿಯೆಂದು ಮೇಲೆ ಬಂದರೂ ಅವಳು ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಲೇ ಇದ್ದಳು. ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಕಲಿತವಳು ಅವಳೇ. ಹೆದರಿ ಅಳುವ ಹೊಸ ಹುಡುಗಿಯರನ್ನು ಟೀಚರ್ ಅವಳ ಕೈಗೇ ಒಪ್ಪಿಸತೊಡಗಿದಳು.

ಅಜ್ಜಿಯನ್ನು ಬಹಳ ದಿನ ಯಾಮಾರಿಸಲು ಆಗಲಿಲ್ಲ. ಒಂದು ಮಧ್ಯಾಹ್ನ ಮೀನು ತಿರುವುತ್ತಿದ್ದ ಯೂನಿಯಾ ಬಗ್ಗಿ ಮೊಮ್ಮಗಳ ತಲೆ ಮೂಸಿದಳು.

"ಅಲ್ಲ ಕಣೇ, ಹೊಲಿಗೆ ಕ್ಲಾಸಲ್ಲಿ ತಲೆ ಯಾಕೆ ಒದ್ದೆಯಾಗುತ್ತೆ?"

ಅವೀನೊ ಒಲೆಗೆ ಇನ್ನೊಂದು ಸೌದೆ ತುರುಕಿದಳು.

"ಆಸ್ಪತ್ರೆ ನೆಲದ ವಾಸನೆ ಬೇರೆ ಬರ್ತಿದೆ. ಏನು ಹೊಲಿತೀರಿ ಅಲ್ಲಿ, ನೀರನ್ನಾ?"

"ಈಜು ಕಲೀತಾ ಇದ್ದೀನಿ ಅಜ್ಜಿ."

ಯೂನಿಯಾಳ ಕೈಯಲ್ಲಿದ್ದ ಮೀನು ಬೂದಿಯೊಳಗೆ ಬಿತ್ತು. ಅದನ್ನು ಎತ್ತಿ ಒರೆಸಿ ಮತ್ತೆ ಜಾಲರಿಯ ಮೇಲಿಟ್ಟಳು.

"ನಿನ್ನಪ್ಪನ್ನ ತಗೊಂಡಿದ್ದು ಸಾಲ್ದು ಅಂತ ನೀನೇ ನಡ್ಕೊಂಡು ಹೋಗಿ ಕೊಡ್ತೀಯಾ ನಿನ್ನ?"

"ಅಪ್ಪಂಗೆ ಈಜು ಬರ್ತಿರಲಿಲ್ಲ ಅಜ್ಜಿ. ಬಂದಿದ್ರೆ ದಡ ಸೇರ್ತಿದ್ದ. ಅಷ್ಟೇ ದೂರ ಇದ್ದಿದ್ದು."

ಈ ಮಾತು ಆಡಬಾರದಿತ್ತು ಎಂದು ಅವೀನೊಗೆ ತಕ್ಷಣ ಅನ್ನಿಸಿತು. ಯೂನಿಯಾ ಎದ್ದು ಒಳಗೆ ಹೋದಳು. ಅಂದು ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡರು. ಆದರೆ ಮುಂದಿನ ಶನಿವಾರ ಬೆಳಿಗ್ಗೆ ಅವೀನೊ ಹೊರಟಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. "ಎಣ್ಣೆ ಹಚ್ಕೊಂಡು ಹೋಗು, ಮೈ ಬಿರಿಯುತ್ತೆ," ಎಂದಷ್ಟೇ ಹೇಳಿ ಮುಖ ತಿರುಗಿಸಿಕೊಂಡಳು.

ವರ್ಷದ ಕೊನೆಗೆ ನೆರಿಯಾ ಟೀಚರ್ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ ಹಚ್ಚುವುದು ವಾಡಿಕೆ. ಇಲ್ಲಿ ಕಲಿತದ್ದರಲ್ಲಿ ಒಂದನ್ನು ಅವರವರ ಊರಿಗೆ ಕೊಂಡೊಯ್ದು ಯಾರಿಗಾದರೂ ಕಲಿಸಬೇಕು. ಒಬ್ಬ ಅಡುಗೆ ಎಂದ, ಇನ್ನೊಬ್ಬಳು ಸೈಕಲ್ಲು ಎಂದಳು. ಅವೀನೊ ಎದ್ದು ನಿಂತು, "ಕೊಬಾಲಾದ ಮೀನುಗಾರರಿಗೆ ಈಜು ಕಲಿಸ್ತೀನಿ," ಎಂದಳು. ಹುಡುಗರು ಬೆಂಚು ಬಡಿದು ನಕ್ಕರು. ಟೀಚರ್ ನಗಲಿಲ್ಲ.

"ಎಷ್ಟು ಜನಕ್ಕೆ ಬರಲ್ಲ ಅಂತ ಗೊತ್ತಾ ನಿನಗೆ?"

"ಯಾರಿಗೂ ಬರಲ್ಲ ಟೀಚರ್. ಬರುತ್ತೆ ಅಂತ ಎಲ್ರೂ ಹೇಳ್ಕೊಳ್ತಾರೆ."

"ಸರಿ ಹಾಗಾದ್ರೆ. ನಕ್ಕರೆ ನಗಲಿ. ನಗು ಮುಗಿಯೋವರೆಗೂ ನಿಂತಿರು, ಆಮೇಲೆ ಮಾತು ಮುಂದುವರಿಸು."

ತೀರದ ಸಭೆ ಸೇರುವುದು ದೋಣಿ ಕಟ್ಟುವ ಜಾಗದ ಹತ್ತಿರದ ಅತ್ತಿಮರದ ಕೆಳಗೆ. ಬಲೆಯ ಕಣ್ಣಿನ ಅಳತೆ, ಇಂಜಿನ್ ಕಳ್ಳತನ, ಐಸಿನ ದರ ಎಲ್ಲ ಮುಗಿದ ಮೇಲೆ ಅಧ್ಯಕ್ಷ ಹೆಜೆಕಿಯಾ, "ಯೂನಿಯಾಳ ಮೊಮ್ಮಗಳಿಗೆ ಏನೋ ಹೇಳೋದಿದೆಯಂತೆ," ಎಂದ. ಅವೀನೊ ಎದ್ದಳು. ಸಭಾಂಗಣದಲ್ಲಿ ಅಭ್ಯಾಸ ಮಾಡಿದ್ದ ಮಾತುಗಳಲ್ಲಿ ಅರ್ಧ ನೆನಪಿಗೇ ಬರಲಿಲ್ಲ.

"ನಿಮಗೆ... ಈಜು ಕಲಿಸ್ತೀನಿ. ಬೆಳಿಗ್ಗೆ ಹೊತ್ತು. ದಡದ ಹತ್ತಿರಾನೇ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಜಬ್ಲನ್ ಶುರು ಮಾಡಿದ. ತೀರದಲ್ಲಿ ಅವನಷ್ಟು ಮಾತುಗಾರ ಇನ್ನೊಬ್ಬನಿಲ್ಲ. ಯಾರ ಮದುವೆಯಲ್ಲೂ ಯಾರ ಸಾವಿನಲ್ಲೂ ಅವನ ಬಾಯಿ ನಿಲ್ಲುತ್ತಿರಲಿಲ್ಲ.

"ಕೇಳಿದ್ರಾ? ಮೀನಿಗೆ ಈಜು ಕಲಿಸ್ತಾಳಂತೆ. ನಾಳೆ ಕೋಳಿಗೆ ಕೂಗೋದು ಹೇಳಿಕೊಡ್ತಾಳೆ."

"ಜಬ್ಲನ್ ಅಣ್ಣ, ನಿನಗೆ ಈಜು ಬರುತ್ತಾ?"

"ನಂಗಾ? ನಾನು ನಮ್ಮಮ್ಮನ ಹೊಟ್ಟೇಲೇ ಈಜಿದವನು."

ಗಂಡಸರೆಲ್ಲ ನಕ್ಕರು. ಅವೀನೊ ನಗು ಮುಗಿಯುವವರೆಗೂ ನಿಂತಳು. ಅದು ಬೇಗ ಮುಗಿಯಲಿಲ್ಲ. ಒಬ್ಬ, ಹೆಣ್ಣುಮಗಳು ಮೀನುಗಾರನ ಜೊತೆ ನೀರಿಗಿಳಿದರೆ ಬಲೆ ಖಾಲಿ ಬರುತ್ತದೆ ಎಂದು ಗೊಣಗಿದ. ಕೊನೆಗೆ ಅವಳು, "ಬೇಕಾದವರು ಬನ್ನಿ. ನಾನು ಒಲೆ ಹತ್ತಿರ ಇರ್ತೀನಿ," ಎಂದು ಹೇಳಿ ಹೊರಟುಬಂದಳು. ಬೆನ್ನ ಹಿಂದೆ ಜಬ್ಲನ್ ಕೈ ಬಡಿಯುತ್ತ ಈಜುವವನ ನಟನೆ ಮಾಡುತ್ತಿದ್ದಾನೆಂದು ಮಕ್ಕಳ ಕಿರುಚಾಟದಿಂದಲೇ ಗೊತ್ತಾಯಿತು.

ವಾರ ಕಳೆದರೂ ಯಾರೂ ಬರಲಿಲ್ಲ. ಅವೀನೊ ಬೇರೆ ಏನಾದರೂ ಕಲಿಸಿದರಾಯಿತೆಂದು ಯೋಚಿಸತೊಡಗಿದ್ದಳು. ಅಷ್ಟರಲ್ಲಿ ಒಂದು ಬೆಳಿಗ್ಗೆ, ಅಜ್ಜಿ ಸಂತೆಗೆ ಹೋದ ಹೊತ್ತು ನೋಡಿಕೊಂಡು, ಒಬುಂಗಾ ಬಂದು ಒಲೆಯ ಮುಂದೆ ನಿಂತ.

ಒಬುಂಗಾ ಆಳು ಬಾಗಿಲಷ್ಟು ಅಗಲ. ಅವನದೇ ದೋಣಿ, ಅವನದೇ ಬಲೆ. ಆದರೆ ನಾಲ್ಕು ವರ್ಷದಿಂದ ಅವನು ದೋಣಿ ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಬೆನ್ನುನೋವು ಎಂದು ಹೇಳಿ ಕೂಲಿಯವರನ್ನು ಕಳಿಸಿ ತಾನು ದಡದಲ್ಲಿ ಕೂತಿರುತ್ತಿದ್ದ. ಅವೀನೊಳ ಅಪ್ಪ ಒಚೋಲಾ ಸತ್ತ ದಿನ ದೋಣಿಯಲ್ಲಿ ಇದ್ದ ಇನ್ನೊಬ್ಬ ಅವನೇ. ಅವನು ಬದುಕಿ ಬಂದ. ಅಂದಿನಿಂದ ಯೂನಿಯಾ ಅವನ ಜೊತೆ ಮಾತು ಬಿಟ್ಟಿದ್ದಳು. ಅವನ ದೋಣಿಯ ಮೀನನ್ನೂ ಕೊಳ್ಳುತ್ತಿರಲಿಲ್ಲ.

"ಒಚೋಲಾನ ಮಗಳೇ," ಎಂದ ಒಬುಂಗಾ, ಬೂದಿಯನ್ನು ನೋಡುತ್ತ. "ನೀನು ಸಭೇಲಿ ಹೇಳಿದ್ದು... ನಿಜವಾಗ್ಲೂ ಕಲಿಸ್ತೀಯಾ?"

"ಕಲಿಸ್ತೀನಿ ಚಿಕ್ಕಪ್ಪ."

"ಯಾರಿಗೂ ಹೇಳಬಾರದು."

"ಹೇಳಲ್ಲ."

"ನಿಮ್ಮಜ್ಜಿಗಂತೂ ಹೇಳಲೇಬಾರದು."

ತೀರದಿಂದ ತುಸು ದೂರದಲ್ಲಿ, ಎತ್ತರದ ಜೊಂಡು ಬೆಳೆದ ಕಡೆ, ನೀರು ಒಳಗೆ ನುಗ್ಗಿ ಒಂದು ಸಣ್ಣ ಮಡು ಮಾಡಿತ್ತು. ತಳ ಮರಳು, ಎದೆಯ ಮಟ್ಟದ ಆಳ. ದೋಣಿಗಳು ಹಿಂತಿರುಗುವ ಮುಂಚೆ, ಬೆಳಕು ಹರಿಯುತ್ತಿದ್ದಂತೆ, ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಮೊದಲ ದಿನ ಒಬುಂಗಾ ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ಮುಂದೆ ಒಂದು ಹೆಜ್ಜೆ ಇಡಲಿಲ್ಲ. ಅವನ ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಅವೀನೊ ಬಲವಂತ ಮಾಡಲಿಲ್ಲ. ಅವನ ಪಕ್ಕದಲ್ಲಿ ನೀರಿನಲ್ಲೇ ಕೂತು ಮೀನಿನ ದರ, ಐಸಿನ ಲಾರಿ, ಅವನ ಹೆಂಡತಿಯ ಕೋಳಿಗಳ ವಿಷಯ ಮಾತಾಡಿದಳು. ಮಾತಾಡುತ್ತ ಮಾತಾಡುತ್ತ ಅವನೂ ಕೂತ. ಸೊಂಟದವರೆಗೆ ನೀರು ಬಂತು.

"ಇವತ್ತಿಗೆ ಸಾಕು," ಎಂದಳು ಅವಳು.

"ಇಷ್ಟೇನಾ ಈಜು?"

"ನಾಳೆ ಮುಖ ಒದ್ದೆ ಮಾಡ್ಕೊಳೋದು."

ಮುಖ ಮುಳುಗಿಸುವುದಕ್ಕೆ ಅವನಿಗೆ ಬಹಳ ದಿನ ಹಿಡಿಯಿತು. ಮುಳುಗಿಸಿದ ಕೂಡಲೇ ಕೆಮ್ಮುತ್ತ ಮೇಲೆದ್ದು ಎರಡು ಕೈಯಲ್ಲೂ ಗಾಳಿಯನ್ನು ಹಿಡಿಯುತ್ತಿದ್ದ. ಒಮ್ಮೆ ಅವಳ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಬೆರಳಿನ ಗುರುತು ಸಂಜೆಯವರೆಗೂ ಉಳಿದಿತ್ತು. "ತಪ್ಪಾಯ್ತು ಮಗಳೇ," ಎಂದು ಅವನು ನಾಚಿಕೊಂಡಾಗ ಅವಳು, "ಹೋಟೆಲಿನ ಕೊಳದಲ್ಲಿ ನಾನು ಟೀಚರ್ ಕತ್ತನ್ನೇ ಹಿಡ್ಕೊಂಡಿದ್ದೆ," ಎಂದು ಸುಳ್ಳು ಹೇಳಿದಳು.

ಅದೇ ದಿನಗಳಲ್ಲಿ ಇನ್ನೊಂದು ನಡೆಯಿತು. ಒಂದು ಮಧ್ಯಾಹ್ನ ಜಬ್ಲನ್ ಅವಳ ಒಲೆಯ ಹಿಂದಿನಿಂದ ತಲೆ ಹಾಕಿದ. ಅಪರೂಪಕ್ಕೆ ಅವನ ದನಿ ತಗ್ಗಿತ್ತು.

"ತಂಗೀ, ಆ ಸಭೆ ದಿನ ತಮಾಷೆಗೆ ಅಂದೆ."

"ಗೊತ್ತು ಅಣ್ಣ."

"ನಮ್ಮಮ್ಮನ ಹೊಟ್ಟೇಲಿ ಈಜಿದ್ದು ನಿಜ. ಆಮೇಲೆ ಮರೆತುಹೋಯ್ತು."

ಅವೀನೊ ನಗು ತಡೆಯಲು ಒಲೆ ಊದಿದಳು.

"ಯಾರಿಗಾದ್ರೂ ಗೊತ್ತಾದ್ರೆ ನಾನು ಈ ತೀರ ಬಿಟ್ಟು ಹೋಗಬೇಕಾಗುತ್ತೆ, ತಿಳೀತಾ? ಇಷ್ಟು ಜನರನ್ನ ಆಡ್ಕೊಂಡಿದೀನಿ, ಒಬ್ಬೊಬ್ರೂ ಸಾಲಾಗಿ ಬರ್ತಾರೆ ನನ್ನ ಆಡ್ಕೊಳ್ಳೋಕೆ."

ಹೀಗೆ ಅವಳಿಗೆ ಇಬ್ಬರು ಶಿಷ್ಯರಾದರು. ಒಬ್ಬನ ಸುದ್ದಿ ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಒಬುಂಗಾಗೆ ಜೊಂಡಿನ ಮಡು. ಜಬ್ಲನ್‌ಗೆ ಅದರಾಚೆ, ಹಳೆಯ ಕಟ್ಟೆ ಕುಸಿದಿರುವ ಕಡೆ. ಒಬುಂಗಾನ ಪಾಠ ಮುಗಿಸಿ ಅವನನ್ನು ಮನೆಗೆ ಕಳಿಸಿ, ಅವಳು ಓಡುತ್ತ ಕಟ್ಟೆಗೆ ಹೋಗುತ್ತಿದ್ದಳು. ಜಬ್ಲನ್ ಬೇಗ ಕಲಿಯುತ್ತಿದ್ದ, ಆದರೆ ನೀರಿನೊಳಗೂ ಮಾತಾಡಲು ಹೋಗಿ ನೀರು ಕುಡಿಯುತ್ತಿದ್ದ.

ಎಲ್ಲವೂ ಹೊರಬಿದ್ದದ್ದು ಒಂದು ನೀರಾನೆಯಿಂದ. ಅಂದು ಒಬುಂಗಾ ಮೊದಲ ಸಲ ಬೆನ್ನಿನ ಮೇಲೆ ತೇಲಲು ಕಲಿಯುತ್ತಿದ್ದ. ಅವೀನೊ ಅವನ ತಲೆಯ ಕೆಳಗೆ ಕೈಯಿಟ್ಟು ನಿಂತಿದ್ದಳು. ಜೊಂಡಿನ ಆಚೆ ಬಸ್ಸಿನ ಬ್ರೇಕು ಬಿಟ್ಟಂತೆ ಬುಸ್ ಎಂದು ದೊಡ್ಡ ಉಸಿರು ಕೇಳಿಸಿತು. ಇಬ್ಬರಿಗೂ ಆ ಸದ್ದು ಚೆನ್ನಾಗಿ ಗೊತ್ತು.

"ಚಿಕ್ಕಪ್ಪ, ಸದ್ದು ಮಾಡದೆ ಎದ್ದೇಳಿ. ಹಿಂದಕ್ಕೆ ನಡೀರಿ."

ಜೊಂಡಿನ ನಡುವೆ ಎರಡು ಕಿವಿ, ಮೂಗಿನ ಹೊಳ್ಳೆ ಕಾಣಿಸಿದವು. ಅದು ಇವರನ್ನೇ ನೋಡುತ್ತಿತ್ತು. ಮೇಲಿನ ದಾರಿಗೆ ಹೋಗಬೇಕಾದರೆ ಅದರ ಮುಂದೆಯೇ ಹಾದುಹೋಗಬೇಕು. ಉಳಿದ ದಾರಿ ಒಂದೇ, ನೀರಂಚಿನಲ್ಲೇ ಕಟ್ಟೆಯ ಕಡೆ. ಇಬ್ಬರೂ ಮೆಲ್ಲಗೆ ಹಿಂದೆ ಸರಿದು, ಜೊಂಡು ದಾಟಿದ ಮೇಲೆ ಒಂದೇ ಓಟ ಕಿತ್ತರು. ಒಬುಂಗಾನ ಮೈಮೇಲೆ ಒದ್ದೆ ಚಡ್ಡಿಯೊಂದೇ ಇತ್ತು.

ಕಟ್ಟೆಯ ಹತ್ತಿರ ಜಬ್ಲನ್ ತನ್ನ ಪಾಠಕ್ಕೆ ಕಾಯುತ್ತ, ಹೆಂಡತಿಯ ಹೂವಿನ ಲಂಗವನ್ನು ಸೊಂಟಕ್ಕೆ ಸುತ್ತಿಕೊಂಡು, ಸೊಂಟದ ಮಟ್ಟದ ನೀರಿನಲ್ಲಿ ಕೈ ಬಡಿಯುತ್ತ ಅಭ್ಯಾಸ ಮಾಡುತ್ತಿದ್ದ. ಒಬುಂಗಾ ಅವನ ಮುಂದೆ ಬಂದು ಗಕ್ಕನೆ ನಿಂತ. ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನೇನು ಮಾಡ್ತಾ ಇದ್ದೀಯ ಇಲ್ಲಿ?" ಎಂದ ಜಬ್ಲನ್.

"ನೀರಾನೆ ಬಂತು."

"ನೀರಾನೆ ಬಂದ್ರೆ ಬಟ್ಟೆ ಬಿಚ್ಚಿ ಓಡ್ತಾರಾ?"

"ನೀನು ಮೊದಲು ಆ ಲಂಗದ ವಿಷಯ ಹೇಳು."

ಜಬ್ಲನ್ ಕೆಳಗೆ ನೋಡಿಕೊಂಡ. ಲಂಗದ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡ. ಅವೀನೊ ಓಡಿದ ಏದುಸಿರಿನಲ್ಲೇ ದಂಡೆಯ ಮೇಲೆ ಕುಸಿದು ಕೂತು ನಗತೊಡಗಿದಳು. ಮೊದಲು ಜಬ್ಲನ್ ನಕ್ಕ. ಆಮೇಲೆ ಒಬುಂಗಾ ನಕ್ಕ, ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೂ. ಅಪ್ಪ ಬದುಕಿದ್ದಾಗ ಬಿಟ್ಟರೆ ಅವನು ಹಾಗೆ ನಕ್ಕಿದ್ದನ್ನು ಅವೀನೊ ಕಂಡಿರಲಿಲ್ಲ.

"ನಾನೂ ಹೇಳಲ್ಲ, ನೀನೂ ಹೇಳಬೇಡ," ಎಂದ ಜಬ್ಲನ್.

"ನಿನ್ನ ಬಾಯಿ ಬಗ್ಗೆ ಯಾರು ಜಾಮೀನು?"

ಒಬುಂಗಾನ ಅನುಮಾನ ಸರಿಯಾಗಿಯೇ ಇತ್ತು. ಅಂದು ಮಧ್ಯಾಹ್ನದೊಳಗೆ ಚಹಾದಂಗಡಿಯಲ್ಲಿ ಕೂತವರಿಗೆಲ್ಲ ಸುದ್ದಿ ತಿಳಿದಿತ್ತು. ಜಬ್ಲನ್ ತನ್ನ ಲಂಗದ ಕತೆಯನ್ನೂ ಬಿಡದೆ, ನೀರಾನೆಯನ್ನು ಎರಡು ಮಾಡಿ, ತಾನೇ ಹೇಳಿಬಿಟ್ಟಿದ್ದ. ಬೇರೆಯವರು ಆಡಿಕೊಳ್ಳುವ ಮುಂಚೆ ತಾನೇ ಆಡಿಕೊಂಡರೆ ಕ್ಷೇಮ ಎಂದು ಅವನ ಲೆಕ್ಕ.

ಸುದ್ದಿ ಯೂನಿಯಾಳ ಕಿವಿಗೂ ಬಿತ್ತು. ಸಂಜೆ ಅವೀನೊ ಸೌದೆ ತಂದಾಗ ಅಜ್ಜಿ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು.

"ಒಬುಂಗಾಗೆ ಕಲಿಸ್ತಾ ಇದ್ದೀಯಂತೆ."

"ಹೌದು."

"ಊರಲ್ಲಿ ಬೇರೆ ಯಾರೂ ಸಿಗಲಿಲ್ವಾ ನಿನಗೆ?"

"ಮೊದಲು ಬಂದಿದ್ದು ಅವರೇ ಅಜ್ಜಿ. ಅವರೊಬ್ರೇ ಬಂದಿದ್ದು."

"ನನ್ನ ಮಗನ್ನ ನೀರಲ್ಲಿ ಬಿಟ್ಟು ಬಂದವನು ಅವನು."

ಅವೀನೊ ಸೌದೆ ಕೆಳಗಿಟ್ಟಳು. "ಅವರು ಮೊಣಕಾಲು ನೀರಲ್ಲೂ ನಡುಗ್ತಾರೆ ಅಜ್ಜಿ," ಎಂದಳು. "ಬೆನ್ನುನೋವಲ್ಲ ಅದು. ನೀನು ಒಂದು ಸಲ ಬಂದು ನೋಡು."

"ನಾನ್ಯಾಕೆ ಬರಲಿ," ಎಂದಳು ಯೂನಿಯಾ.

ಆದರೆ ಎರಡು ದಿನದ ಮೇಲೆ ಕಟ್ಟೆಯ ಹತ್ತಿರ ಇಬ್ಬರಿಗೂ ಒಟ್ಟಿಗೇ ಪಾಠ ನಡೆಯುತ್ತಿದ್ದಾಗ ಜಬ್ಲನ್ ಒಮ್ಮೆಗೇ ಮಾತು ನಿಲ್ಲಿಸಿದ. ಅವೀನೊ ತಿರುಗಿ ನೋಡಿದಳು. ಅಜ್ಜಿ ಕುಸಿದ ಕಲ್ಲುಗಳ ಮೇಲೆ ಕೋಲೂರಿ ನಿಂತಿದ್ದಳು. ಒಬುಂಗಾ ಆಗ ಮುಖ ನೀರಿನಲ್ಲಿಟ್ಟು, ಅವೀನೊಳ ಎರಡೂ ಕೈ ಹಿಡಿದು, ಕಾಲು ಬಡಿಯುತ್ತಿದ್ದ. ಅವನಿಗೇನೂ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಆಳು ನಡೆಯಲು ಕಲಿಯುವ ಮಗುವಿನಂತೆ ಹುಡುಗಿಯೊಬ್ಬಳ ಬೆರಳು ಹಿಡಿದು ಎಳೆಸಿಕೊಂಡು ಬರುತ್ತಿದ್ದ. ಉಸಿರಿಗಾಗಿ ತಲೆ ಎತ್ತಿದಾಗ ಯೂನಿಯಾ ಕಣ್ಣಿಗೆ ಬಿದ್ದಳು. ಅವನು ಅವೀನೊಳ ಕೈ ಬಿಟ್ಟು ಎದ್ದು ನಿಂತ. ನೀರು ಮುಖದಿಂದ ಇಳಿಯುತ್ತಿತ್ತು.

"ಒಚೋಲಾನ ಅಮ್ಮ," ಎಂದ.

"ಮೇಲೆ ಬಾ," ಎಂದಳು ಯೂನಿಯಾ.

ಅವನು ಬಂದು ಅವಳ ಮುಂದೆ ಮರಳಿನ ಮೇಲೆ ಕೂತ. ಜಬ್ಲನ್ ಬಟ್ಟೆ ಎತ್ತಿಕೊಂಡು ದೂರ ಹೋದ. ಅವೀನೊ ನೀರಿನಲ್ಲೇ ನಿಂತಳು, ಮೇಲೆ ಹೋಗುವುದೋ ಬೇಡವೋ ತಿಳಿಯದೆ.

"ನಾಲ್ಕು ವರ್ಷ ಕಾದೆ ನೀನು ಬರ್ತೀಯ ಅಂತ. ಹೆಣ ಎತ್ತೋವಾಗ ನೀನು ದೂರ ನಿಂತಿದ್ದೆ. ಆಮೇಲೆ ನನ್ನ ಕಂಡ್ರೆ ದಾರಿ ಬದಲಾಯಿಸಿದೆ. ನನ್ನ ಮಗ ಹೇಗೆ ಹೋದ ಅಂತ ಬಂದು ಹೇಳೋಕೆ ನಿನಗೆ ಬಾಯಿ ಇರಲಿಲ್ವಾ?"

"ಇರಲಿಲ್ಲಮ್ಮ."

"ಈಗ ಹೇಳು."

ಒಬುಂಗಾ ಹೇಳಿದ. ಗಾಳಿ ಮೋಡ ಕಂಡಾಗಲೇ ಬಲೆ ಎಳೆಯಲು ಶುರು ಮಾಡಿದ್ದರಂತೆ. ಬಲೆ ಭಾರವಾಗಿತ್ತು, ಬಿಡಲು ಮನಸ್ಸು ಬರಲಿಲ್ಲ. ದೋಣಿ ಮಗುಚಿದಾಗ ಇಬ್ಬರೂ ಅದರ ಅಡಿಯನ್ನು ತಬ್ಬಿದರು. ಒಬುಂಗಾ ಒಂದು ಕೈಗೆ ಹಗ್ಗ ಸುತ್ತಿಕೊಂಡಿದ್ದ. ಒಚೋಲಾಗೆ ಹಿಡಿಯಲು ಏನೂ ಸಿಕ್ಕಿರಲಿಲ್ಲ. ಒಂದು ಅಲೆ ಬಂತು, ಅವನು ಒಂದು ಮಾರು ದೂರ ಹೋದ. ಒಬುಂಗಾ ಕೈ ಚಾಚಿದ, ಎಟುಕಲಿಲ್ಲ. ಇನ್ನೊಂದು ಅಲೆ ಬಂತು.

"ಹಗ್ಗ ಬಿಚ್ಚಿ ಅವನ ಹತ್ತಿರ ಹೋಗಿದ್ರೆ ನಾನೂ ಮುಳುಗ್ತಿದ್ದೆ. ಬಿಚ್ಚಲಿಲ್ಲ. ಹೆದರಿಕೆ ಆಯ್ತು. ಅದನ್ನ ನಿಮ್ಮ ಮುಂದೆ ಹೇಗೆ ಹೇಳಲಿ ಅಂತ..."

"ಅವನು ಏನಾದ್ರೂ ಅಂದ್ನಾ?"

"ಬೈದ."

"ಏನಂತ?"

"'ಹಗ್ಗ ಬಿಗಿಯಾಗಿ ಹಿಡ್ಕೊಳೋ ಕತ್ತೆ' ಅಂದ."

ಯೂನಿಯಾಳ ಬಾಯಿಂದ ನಗುವೋ ಅಳುವೋ ತಿಳಿಯದ ಒಂದು ಸದ್ದು ಹೊರಟಿತು. "ಅವನದೇ ಮಾತು," ಎಂದಳು. "ಕತ್ತೆ ಅನ್ನದೆ ಅವನಿಗೆ ಮಾತೇ ಬರ್ತಿರಲಿಲ್ಲ. ನನಗೂ ಅಂತಿದ್ದ." ಆಮೇಲೆ ಹೆಗಲ ಬಟ್ಟೆಯಿಂದ ಮುಖ ಮುಚ್ಚಿಕೊಂಡು ಅತ್ತಳು. ಅವೀನೊ ನೀರಿನಿಂದ ಬಂದು ಅಜ್ಜಿಯ ಪಕ್ಕ ಒದ್ದೆ ಮೈಯಲ್ಲೇ ಕೂತಳು. ಅಪ್ಪನ ಕೊನೆಯ ಮಾತನ್ನು ಅವಳೂ ಅಂದೇ ಮೊದಲು ಕೇಳಿದ್ದು. ಅಪ್ಪನ ದನಿ ಅವಳಿಗೆ ಮರೆತೇಹೋಗಿತ್ತು. ಆ ಬೈಗುಳದ ಜೊತೆ ಅದು ತಟ್ಟನೆ ಕಿವಿಯೊಳಗೆ ಬಂತು.

ಅಳು ನಿಂತ ಮೇಲೆ ಯೂನಿಯಾ ಒಬುಂಗಾನನ್ನು ನೋಡಿದಳು. ಅವನು ಚಳಿಗೆ ನಡುಗುತ್ತಿದ್ದ.

"ಹೀಗೆ ಕೂತ್ರೆ ಈಜು ಬರುತ್ತಾ? ಹೋಗು, ಇಳಿ. ಕಾಲು ಸರಿಯಾಗಿ ಬಡಿ. ಆಗಿಂದ ನೋಡ್ತಾ ಇದ್ದೀನಿ, ಬರೀ ಕೆಸರು ಎಬ್ಬಿಸ್ತಾ ಇದ್ದೀಯ."

ಮರುದಿನ ಅವಳು ರಾಗಿ ಗಂಜಿಯ ಡಬ್ಬಿ ಹಿಡಿದು ಬಂದಳು. ನೀರಿನಿಂದ ಎದ್ದವರಿಗೆ ಬಿಸಿ ಏನಾದರೂ ಬೇಕು ಎಂದಳು. ಹಾಗೆ ಬಂದವಳು ಮುಂದೆ ಒಂದು ದಿನವೂ ತಪ್ಪಿಸಲಿಲ್ಲ. ಮಡುವಿನಲ್ಲಿ ನೀರಾನೆ ಇದೆಯೇ ಎಂದು ನೋಡಿ ಕೂಗಿ ಹೇಳುವುದು, ಗಂಜಿ ಬಡಿಸುವುದು, ದಂಡೆಯಿಂದ ಬೈಯುವುದು, ಈ ಮೂರೂ ಅವಳ ಕೆಲಸವಾಯಿತು.

ಗಂಜಿಯ ಸುದ್ದಿಯಿಂದಲೋ, ಜಬ್ಲನ್‌ನ ಬಾಯಿಯಿಂದಲೋ, ದೋಣಿಗೆ ಹೋಗದ ದಿನ ನೋಡಿಕೊಂಡು ಒಬ್ಬೊಬ್ಬರಾಗಿ ಬೇರೆಯವರೂ ಬಂದರು. ಮೊದಲು ಕೂಲಿ ದೋಣಿಯ ಯುವಕರು. ಆಮೇಲೆ, ಸುಮ್ಮನೆ ನೋಡಿಹೋಗಲು ಬಂದೆ ಎನ್ನುತ್ತ ಅಧ್ಯಕ್ಷ ಹೆಜೆಕಿಯಾ. ಅವನ ಚಡ್ಡಿ ಮಾತ್ರ ಹೊಸದಾಗಿತ್ತು. ಬಲೆ ಖಾಲಿ ಬರುತ್ತದೆ ಎಂದು ಗೊಣಗಿದ್ದವನೂ ಬಂದ. ಅವನ ಬಲೆಗೆ ಆ ವಾರ ಮೀನು ಚೆನ್ನಾಗಿಯೇ ಬಿದ್ದಿತ್ತು. ಅವೀನೊ ಎಲ್ಲರಿಂದಲೂ ಒಂದನ್ನೇ ಮತ್ತೆ ಮತ್ತೆ ಮಾಡಿಸಿದಳು: ದೋಣಿ ಮಗುಚಿದರೆ ಬೂಟು ಕಿತ್ತೊಗೆಯುವುದು, ಬೆನ್ನಿನ ಮೇಲೆ ಮಲಗುವುದು, ಗಾಬರಿ ಇಳಿಯುವವರೆಗೂ ಆಕಾಶ ನೋಡುವುದು. ವಯಸ್ಸಿನಲ್ಲಿ ದೊಡ್ಡವರಿಗೆ ಹೀಗೆ ಮಾಡಿ ಎಂದು ಹೇಳುವಾಗ ಮೊದಮೊದಲು ಅವಳ ದನಿ ಅಡಗುತ್ತಿತ್ತು. ಕೆಲವು ವಾರದಲ್ಲಿ ಅಧ್ಯಕ್ಷನ ಹೊಟ್ಟೆಗೆ ಕೈಯೂರಿ, "ಇದನ್ನ ಮೇಲೆತ್ತಿ ಅಜ್ಜ, ಇದು ಮುಳುಗ್ತಾ ಇದೆ," ಎನ್ನುವಷ್ಟು ಧೈರ್ಯ ಬಂದಿತ್ತು.

ನೆರಿಯಾ ಟೀಚರ್ ಒಂದು ಬೆಳಿಗ್ಗೆ ನೋಡಲು ಬಂದಳು. ಏನೂ ಹೇಳದೆ ಯೂನಿಯಾಳ ಪಕ್ಕ ಕಲ್ಲಿನ ಮೇಲೆ ಕೂತು ಗಂಜಿ ಕುಡಿದಳು. ಹೋಗುವಾಗ ಅವೀನೊಳನ್ನು ಕರೆದು, ಹೋಟೆಲಿನ ಕೊಳದಲ್ಲಿ ಹೊಸ ವರ್ಷದ ಗುಂಪಿಗೆ ಈಜು ಕಲಿಸುವವಳು ನೀನೇ, ಸಂಬಳದ ಕೆಲಸ, ಉಳಿದ ದಿನ ಸಂಜೆ ಶಾಲೆಗೆ ಸೇರಬಹುದು, ಯೋಚನೆ ಮಾಡು ಎಂದಳು. ಅವೀನೊ ಯೋಚನೆ ಮಾಡುತ್ತೇನೆ ಎಂದು ಹೇಳಬೇಕೆಂದಿದ್ದಳು. ಬಾಯಿಂದ ಬಂದದ್ದು ಮಾತ್ರ, "ಯಾವತ್ತಿಂದ ಬರಲಿ?"

ಮಳೆಗಾಲ ಮುಗಿದ ಮೇಲೆ ಒಂದು ನಸುಕಿನಲ್ಲಿ ಒಬುಂಗಾ ತನ್ನ ದೋಣಿಯನ್ನು ತಾನೇ ನೀರಿಗೆ ತಳ್ಳಿದ. ಮುಂಚೆ ಯಾರಿಗೂ ಹೇಳಿರಲಿಲ್ಲ, ಆದರೂ ದಡದಲ್ಲಿ ಅರ್ಧ ಊರೇ ಸೇರಿತ್ತು. ದೋಣಿ ಹತ್ತುವ ಮುಂಚೆ ಅವನು ಒಂದು ಗಳಿಗೆ ಅಂಚು ಹಿಡಿದು ನಿಂತ. ಅವೀನೊಗೆ ಅವನ ತುಟಿಯ ಬಣ್ಣ ಕಾಣುವಷ್ಟು ಬೆಳಕಾಗಿರಲಿಲ್ಲ. ಆಮೇಲೆ ಅವನು ಕಾಲೆತ್ತಿ ಒಳಗಿಟ್ಟ. ಇಂಜಿನ್ ಕೆಮ್ಮಿ ಹತ್ತಿಕೊಂಡಿತು.

"ಹೋಗಲಿ ಬಿಡು," ಎಂದಳು ಯೂನಿಯಾ, ಯಾರೂ ತಡೆಯದಿದ್ದರೂ. ಅಂದು ಅವಳು ಬೇರೆ ಯಾವ ದೋಣಿಗೂ ಬುಟ್ಟಿ ಹಿಡಿದು ಹೋಗಲಿಲ್ಲ. ಬಿಸಿಲೇರಿದ ಮೇಲೆ ಒಬುಂಗಾನ ದೋಣಿ ಬಂತು. ಮೀನು ಹೇಳಿಕೊಳ್ಳುವಷ್ಟೇನೂ ಇರಲಿಲ್ಲ. ಯೂನಿಯಾ ಎಲ್ಲರನ್ನೂ ಹಿಂದೆ ಸರಿಸಿ ಬುಟ್ಟಿ ಮುಂದಿಟ್ಟು, ಇಷ್ಟು ಸಣ್ಣ ಮೀನಿಗೆ ಇಷ್ಟು ದರವೇ ಎಂದು ಅವನ ಜೊತೆ ಬಹಳ ಹೊತ್ತು ಜಗಳವಾಡಿದಳು. ಒಬುಂಗಾ ಮೀನು ಎತ್ತಿ ಹಾಕುತ್ತ ಒಂದೇ ಸಮನೆ ನಗುತ್ತಿದ್ದ.

ಮುಂದಿನ ತಿಂಗಳು ಪಕ್ಕದ ತೀರದವರು ಹೇಳಿಕಳಿಸಿದರು. ಅಲ್ಲಿಯೂ ಯಾರಿಗೂ ಈಜು ಬರುವುದಿಲ್ಲವಂತೆ, ಕೊಬಾಲಾದ ಹುಡುಗಿ ಬಂದು ಕಲಿಸಬಹುದೇ ಎಂದು. ಅವೀನೊ ಹೊರಟಾಗ ಯೂನಿಯಾ ಆಗಲೇ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನೀನ್ಯಾಕೆ ಅಜ್ಜಿ ಅಷ್ಟು ದೂರ ನಡೀತೀಯ?"

"ಆ ಊರಿನ ಗಂಡಸರು ನಿನ್ನ ಮಾತು ಕೇಳ್ತಾರೆ ಅಂತ ಏನು ಗ್ಯಾರಂಟಿ?"

ಅಲ್ಲಿ ಹತ್ತಾರು ಜನ ದಡದಲ್ಲಿ ಸಾಲಾಗಿ ನಿಂತಿದ್ದರು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದರು, ಒಬ್ಬನಂತೂ ಟೋಪಿಯನ್ನೂ ಹಾಕಿದ್ದ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವೀನೊ ಚಪ್ಪಲಿ ಬಿಟ್ಟು, ಗಂಟಲು ಸರಿಮಾಡಿಕೊಂಡು, ನಮಸ್ಕಾರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯ ದನಿ ಹಿಂದಿನಿಂದ ಕೇಳಿಸಿತು.

"ಏನ್ರಪ್ಪಾ ಇದು, ಮದುವೆಗೆ ಬಂದಿದ್ದೀರಾ? ಶರ್ಟು ಬಿಚ್ಚಿ."